ವಾರಕ್ಕೆ ಒಂದೇ ಪದ: ‘ಥರ್ಸ್ಟಿ’ ಕಲಿಸಿದ ನನ್ನ ಅನುಭವ

ವಾರಕ್ಕೆ ಒಂದೇ ಇಂಗ್ಲಿಷ್ ಪದ ಕಲಿಸುತ್ತೇನೆ ಅಂದಾಗ ಸಿಂಧನೂರಿನಲ್ಲಿ ಟ್ಯೂಷನ್ ಮಾಡುವ ಗೆಳೆಯರೆಲ್ಲ ನಕ್ಕಿದ್ದರು. ‘ಹಂಗಾದ್ರ ವರ್ಷಕ್ಕ ಐವತ್ತು ಪದ ಆತು ಸರ, ಫೀ ಯಾರು ಕೊಡ್ತಾರ?’ ಅಂತ ಒಬ್ಬರು ಕೇಳಿದರು. ಅವರ ಕ್ಲಾಸಿನಲ್ಲಿ ದಿನಕ್ಕೆ ಹತ್ತು ಪದ ಬಾಯಿಪಾಠ. ಈಗ ಅದೇ ಸರ್ ತಮ್ಮ ತಂಗಿಯ ಮಗನನ್ನು ನನ್ನ ಹತ್ತಿರ ಕಳಿಸಿದ್ದಾರೆ. ಇನ್ನೇನು ಹೇಳಲಿ?

ಒಂದು ವಾರದ ಪದ ‘ಥರ್ಸ್ಟಿ’, ಅಂದರೆ ನೀರಡಿಕೆ ಆಗಿರುವ. ಮೊದಲು ದುಡ್ಡು ಹೋದ ಲೆಕ್ಕ. ಬಣ್ಣದ ಫ್ಲ್ಯಾಶ್‌ಕಾರ್ಡ್ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿದ್ದಕ್ಕೆ ಮೂರು ಸಾವಿರದ ಹತ್ತಿರ ಹೋಯಿತು. ಗ್ಲಾಸು ಹಿಡಿದ ಹುಡುಗನ ಚಿತ್ರ ತೋರಿಸಿದರೆ ಎಲ್ಲರೂ ‘ಡ್ರಿಂಕಿಂಗ್’ ಅನ್ನುತ್ತಿದ್ದರು. ನೀರಡಿಕೆಯ ಚಿತ್ರ ಬರೆಯುವುದಾದರೂ ಹೇಗೆ? ಆಮೇಲೆ ಸೆಕೆಂಡ್ ಹ್ಯಾಂಡ್ ಟಿವಿ ತಂದೆ, ಆರೇಳು ಸಾವಿರ. ಕಾರ್ಟೂನ್ ನೋಡಿದರು, ಕರೆಂಟ್ ಹೋದಾಗ ಎದ್ದು ಮನೆಗೆ ಹೋದರು. ಕಾಗೆ ಗಡಿಗೆಗೆ ಕಲ್ಲು ಹಾಕುವ ಕಥೆಯಂತೂ ಇಂಗ್ಲಿಷಿನಲ್ಲೇ ಎಲ್ಲರಿಗೂ ಬಾಯಿಗೆ ಬರುತ್ತಿತ್ತು. ಆದರೆ ‘ಥರ್ಸ್ಟಿ ಕ್ರೋ’ ಅಂತ ಒಂದೇ ಉಸಿರಿನಲ್ಲಿ ಒದರುವ ಹುಡುಗನೇ ತನಗೆ ನೀರು ಬೇಕಾದಾಗ ಸುಮ್ನೆ ಹೆಬ್ಬೆರಳು ಬಾಯಿಗೆ ತೋರಿಸುತ್ತಿದ್ದ.

ಕೊನೆಗೆ ಕೆಲಸಕ್ಕೆ ಬಂದದ್ದು ಗಡಿಗೆ. ಏಪ್ರಿಲ್, ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ. ಇನ್ನೂರೋ ಇನ್ನೂರೈವತ್ತೋ ಕೊಟ್ಟು ನಲ್ಲಿ ಇರುವ ಮಣ್ಣಿನ ಗಡಿಗೆ ತಂದು, ಒದ್ದೆ ಗೋಣಿಚೀಲ ಸುತ್ತಿ, ನನ್ನ ಕುರ್ಚಿ ಪಕ್ಕ ಇಟ್ಟೆ. ಬಾಗಿಲ ಹತ್ತಿರ ಕ್ಯಾನ್. ಕ್ಯಾನ್ ನೀರನ್ನು ಯಾರು ಬೇಕಾದರೂ ಕೇಳದೆ ಕುಡಿಯಬಹುದು, ಆದರೆ ಅದು ಮಧ್ಯಾಹ್ನದ ಹೊತ್ತಿಗೆ ಉಗುರುಬೆಚ್ಚಗಾಗಿರುತ್ತದೆ. ತಣ್ಣನೆಯ ಗಡಿಗೆ ನೀರು ಬೇಕಾದರೆ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಹೇಳಬೇಕು.

ಶುರುವಿನಲ್ಲಿ ಬಂದದ್ದು ‘ಟು ಮಿ ವಾಟರ್ ಥರ್ಸ್ಟಿ ಕಮಿಂಗ್ ಸರ್’. ಕನ್ನಡದಲ್ಲಿ ನೀರಡಿಕೆ ‘ನನಗೆ’ ಆಗುತ್ತದೆ, ಇಂಗ್ಲಿಷಿನಲ್ಲಿ ‘ನಾನೇ’ ಥರ್ಸ್ಟಿ. ಗ್ರಾಮರ್ ಅಂತ ಬೋರ್ಡ್ ಮೇಲೆ ಏನೂ ಬರೆಯಲಿಲ್ಲ. ಎದೆ ಮೇಲೆ ಕೈ ಇಟ್ಟು ‘ಐ ಆಮ್’ ಅಂದರೆ ಮಾತ್ರ ನಲ್ಲಿ ತಿರುಗಿಸುತ್ತಿದ್ದೆ. ಅದು ಕೂತ ಮೇಲೆ ಉಚ್ಚಾರದ ಕಾಟ. ಆರನೇ ಕ್ಲಾಸಿನ ಹುಡುಗಿ ‘ಐ ಆಮ್ ತರ್ಟಿ ಸರ್’ ಅಂತ ತನಗೆ ಮೂವತ್ತು ವರ್ಷ ಮಾಡಿಕೊಂಡಳು. ಇನ್ನೊಬ್ಬ ‘ಐ ಆಮ್ ಥರ್ಸ್‌ಡೇ’ ಅಂದ. ‘ನಾಳೆ ಬಾ, ಶುಕ್ರವಾರ ಆಗಿರ್ತಿ’ ಅಂದೆ. ನಡುವಿನ ‘ಸ್’ ನುಂಗದ ಹಾಗೆ ಮಾಡಲು ನನ್ನದೊಂದು ಆಟ ಇದೆ. ಅದನ್ನು ಇಲ್ಲಿ ಬರೆಯಲ್ಲ, ನನ್ನ ಬ್ಯಾಚ್ ತುಂಬುವುದೇ ಅದರಿಂದ.

ವಾರದ ನಡುವೆ ಎರಡನೇ ಅರ್ಥ: ‘ಪ್ಯಾಡಿ ಈಸ್ ಎ ಥರ್ಸ್ಟಿ ಕ್ರಾಪ್’, ಭತ್ತ ಬಹಳ ನೀರು ಬೇಡುವ ಬೆಳೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಊರಿನ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಲೇ ಇಲ್ಲ. ಮೇಲಿನವರು ಭತ್ತ ಹಚ್ಚಿದರೆ ಕೆಳಗೆ ನೀರು ಮುಟ್ಟುವುದಿಲ್ಲ ಅನ್ನುವುದು ಅವರ ಮನೆಯಲ್ಲಿ ದಿನಾ ಕೇಳುವ ಮಾತು. 2024ರ ಆಗಸ್ಟ್‌ನಲ್ಲಿ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗಿನ ಗಾಬರಿ ಅವರಿಗೆ ಇನ್ನೂ ನೆನಪಿದೆ. ಒಬ್ಬ ತಾನಾಗಿಯೇ ‘ಜೋಳ ನಾಟ್ ಥರ್ಸ್ಟಿ’ ಅಂದ. ಹಿಂದಿನ ಸಾಲಿನ ಹುಡುಗಿ ‘ಪ್ಯಾಡಿ ಈಸ್ ಥರ್ಸ್ಟಿಯರ್ ದ್ಯಾನ್ ಜೋಳ’ ಅಂತ ಜೋಡಿಸಿದಳು. ಥರ್ಸ್ಟಿಯರ್ ನಾನು ಕಲಿಸಿರಲಿಲ್ಲ!

ದೊಡ್ಡವರ ಬ್ಯಾಚಿಗೆ ಆಸೆಯ ಅರ್ಥ. ‘ಥರ್ಸ್ಟ್ ಫಾರ್ ನಾಲೆಜ್’ ಅಂದರೆ ಜ್ಞಾನದಾಹ, ‘ಬ್ಲಡ್‌ಥರ್ಸ್ಟಿ’ ಅಂದರೆ ರಕ್ತಪಿಪಾಸು, ಇವು ಸರಿಯಾಗಿ ಕೂತವು. ಅಧಿಕಾರದಾಹಿ ಮಾತ್ರ ಕೂರಲಿಲ್ಲ, ಇಂಗ್ಲಿಷಿನವರು ಹೆಚ್ಚಾಗಿ ‘ಪವರ್ ಹಂಗ್ರಿ’ ಅನ್ನುತ್ತಾರೆ. ನಮ್ಮ ರಾಜಕಾರಣಿಗೆ ನೀರಡಿಕೆ, ಅವರ ರಾಜಕಾರಣಿಗೆ ಹಸಿವು. ಸಂಸ್ಕೃತದ ತೃಷೆಯೂ ಇಂಗ್ಲಿಷಿನ ಥರ್ಸ್ಟೂ ಒಂದೇ ಹಳೆಯ ಬೇರಿನವು ಅಂತ ಹೇಳಿದೆ, ಯಾರೂ ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಡಿಗ್ರಿ ಹುಡುಗನೊಬ್ಬ ‘ಸರ್, ಇನ್‌ಸ್ಟಾದಾಗ ನನ್ನ ಫೋಟೊ ಕೆಳಗ ಥರ್ಸ್ಟಿ ಅಂತ ಹಾಕ್ಯಾರ, ನೀರು ಬೇಕಂತೇನು?’ ಅಂದ. ಲೈಕ್‌ಗಾಗಿ, ಯಾರಾದರೂ ತಿರುಗಿ ನೋಡಲಿ ಅಂತ ಹಾತೊರೆಯುವವನಿಗೆ ಈಗ ಹಾಗಂತಾರೆ ಅಂದೆ. ಆ ಅರ್ಥ ಮಾತ್ರ ಒಬ್ಬರೂ ಮರೆಯಲಿಲ್ಲ.

ಒಂದು ಶನಿವಾರ ಒಗ್ಗರಣಿ ಮಿರ್ಚಿ ತರಿಸಿದೆ. ‘ಮಿರ್ಚಿ ಮೇಕ್ಸ್ ಮಿ ಥರ್ಸ್ಟಿ’ ಅನ್ನುವುದಕ್ಕೆ ಮುನ್ನೂರು ರೂಪಾಯಿ ಹೋಯಿತು, ಆದರೆ ‘ಮೇಕ್ಸ್ ಮಿ’ ಈಗ ಯಾರ ಬಾಯಿಂದಲೂ ಜಾರುವುದಿಲ್ಲ. ಇದೇ ದಾರಿಯಲ್ಲಿ ಹಂಗ್ರಿ, ಸ್ಲೀಪಿ, ಟೈರ್ಡ್ ಸಲೀಸಾಗಿ ಬಂದವು. ಫೀವರ್ ಹತ್ತಿರ ಗಾಡಿ ನಿಂತಿತು. ‘ಐ ಆಮ್’ ಎಷ್ಟು ಗಟ್ಟಿಯಾಗಿ ಕೂತಿತ್ತೆಂದರೆ ‘ಐ ಹ್ಯಾವ್ ಎ ಫೀವರ್’ ಅನ್ನಬೇಕಾದಲ್ಲಿ ಎಲ್ಲರೂ ‘ಐ ಆಮ್ ಫೀವರ್’ ಅನ್ನತೊಡಗಿದರು. ಎದೆ ಮೇಲೆ ಕೈ ಬೇರೆ!

ತಿಂಗಳ ಫೀ ಮುನ್ನೂರು ಇದ್ದದ್ದನ್ನು ನಾನೂರು ಮಾಡಿದೆ, ಬಿಟ್ಟವರು ಇಬ್ಬರೋ ಮೂವರೋ. ಟಿವಿ ಅರ್ಧ ರೇಟಿಗೆ ಮಾರಿದೆ. ಡಿಸೆಂಬರ್‌ನಲ್ಲಿ ಗಡಿಗೆ ನಡೆಯುವುದಿಲ್ಲ, ತಣ್ಣೀರು ಯಾರಿಗೆ ಬೇಕು? ಆಗ ‘ಕೋಲ್ಡ್’ ಹಿಡಿಯುತ್ತೇನೆ. ‘ಐ ಆಮ್ ಕೋಲ್ಡ್’ ಅಂದರೆ ಚಳಿ, ‘ಐ ಹ್ಯಾವ್ ಎ ಕೋಲ್ಡ್’ ಅಂದರೆ ನೆಗಡಿ. ಫೀವರ್ ಗಂಟು ಅಲ್ಲೇ ಬಿಚ್ಚಬೇಕು.