ಗ್ರಾಫ್ ಹಾಳೆಯ ಮೇಲೆ ವಿಶ್ವದ ವಯಸ್ಸು

ವಿಶ್ವ ಹಿಗ್ಗುತ್ತಿದೆ ಎಂದು ಎಷ್ಟೋ ಸಲ ಓದಿದ್ದೆ. ಓದಿ ಒಪ್ಪಿಕೊಳ್ಳುವುದು ಬೇರೆ, ಅಳೆದು ನೋಡುವುದು ಬೇರೆ. ಅಳೆದೇ ನೋಡೋಣ ಎಂದು ಒಂದು ದಿನ ಗ್ರಾಫ್ ಹಾಳೆ ಹಿಡಿದು ಕೂತೆ.

ಮೊದಲು ತೆಗೆದುಕೊಂಡದ್ದು ಖಗೋಳಜ್ಞ ಎಡ್ವಿನ್ ಹಬಲ್ 1929ರಲ್ಲಿ ಪ್ರಕಟಿಸಿದ ಪಟ್ಟಿ. ಅದರಲ್ಲಿ 24 ಗೆಲಾಕ್ಸಿಗಳ ದೂರ ಮತ್ತು ವೇಗ ಇವೆ. ವೇಗಗಳಲ್ಲಿ ಬಹುಪಾಲು ವೆಸ್ಟೋ ಸ್ಲೈಫರ್ 1912ರಿಂದ ವರ್ಷಗಟ್ಟಲೆ ಕೂತು ಅಳೆದವು. ಚುಕ್ಕಿ ಇಡುತ್ತ ಹೋದಂತೆ ನಿರಾಸೆಯಾಯಿತು. ಎಲ್ಲವೂ ಚೆಲ್ಲಾಪಿಲ್ಲಿ. ಆಂಡ್ರೊಮಿಡಾ ಅಂತೂ ದೂರ ಸರಿಯುವ ಬದಲು ನಮ್ಮತ್ತಲೇ ಬರುತ್ತಿದೆ. ಆದರೂ ನಡುವೆ ಒಂದು ಗೆರೆ ಎಳೆದರೆ ಇಳಿಜಾರು ಸುಮಾರು 500 ಬರುತ್ತದೆ. ಅಂದರೆ ದೂರ ಒಂದು ಮೆಗಾಪಾರ್ಸೆಕ್ (32.6 ಲಕ್ಷ ಜ್ಯೋತಿರ್ವರ್ಷ) ಹೆಚ್ಚಿದಂತೆಲ್ಲ ವೇಗ ಸೆಕೆಂಡಿಗೆ 500 ಕಿಲೋಮೀಟರ್ ಹೆಚ್ಚುತ್ತದೆ.

ಈ ಹಿಗ್ಗುವಿಕೆಯನ್ನು ಹಿಂದಕ್ಕೆ ಓಡಿಸಿದರೆ ಎಲ್ಲವೂ ಒಂದೆಡೆ ಸೇರಲು ಹಿಡಿಯುವ ಕಾಲವೇ ವಿಶ್ವದ ವಯಸ್ಸು. ಅದನ್ನು ತಿಳಿಯಲು ಸುಲಭದ ದಾರಿಯಿದೆ: 978ನ್ನು ಆ ಇಳಿಜಾರಿನಿಂದ ಭಾಗಿಸಿ, ಉತ್ತರ ನೂರು ಕೋಟಿ ವರ್ಷಗಳ ಲೆಕ್ಕದಲ್ಲಿ ಬರುತ್ತದೆ. ನನಗೆ ಬಂದದ್ದು 196 ಕೋಟಿ ವರ್ಷ. ಭೂಮಿಗೇ 454 ಕೋಟಿ ವರ್ಷ! ತಾಯಿಗಿಂತ ಮಗಳೇ ದೊಡ್ಡವಳು. ಮೂರು ಸಲ ಲೆಕ್ಕ ತಿದ್ದಿದರೂ ಅದೇ ಉತ್ತರ. ತಪ್ಪು ಇದ್ದದ್ದು ಲೆಕ್ಕದಲ್ಲಲ್ಲ, ದೂರಗಳಲ್ಲಿ. ದೂರ ಅಳೆಯಲು ಬಳಸುವ ಸೆಫೀಡ್ ನಕ್ಷತ್ರಗಳಲ್ಲಿ ಎರಡು ಬಗೆಯಿವೆ ಎಂದು ವಾಲ್ಟರ್ ಬಾಡೆ 1952ರಲ್ಲಿ ತೋರಿಸಿದಾಗ ಗೆಲಾಕ್ಸಿಗಳ ದೂರ ಒಮ್ಮೆಗೇ ಇಮ್ಮಡಿಯಾಯಿತು. ಅದೂ ಸಾಲಲಿಲ್ಲ, ತಿದ್ದುಪಡಿ ಮುಂದೆಯೂ ನಡೆಯಿತು.

ಆಮೇಲೆ ಗೆಲಾಕ್ಸಿಗಳನ್ನು ಅಳೆದ ಸ್ಲೋನ್ ಆಕಾಶ ಸಮೀಕ್ಷೆಯ ರೋಹಿತಗಳನ್ನು (ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು) ಇಳಿಸಿಕೊಂಡೆ. ಅವು ಯಾರಿಗೂ ಉಚಿತವಾಗಿ ಸಿಗುತ್ತವೆ. ವಯಸ್ಸಾದ ದೀರ್ಘವೃತ್ತ ಗೆಲಾಕ್ಸಿಗಳಲ್ಲಿ ಕ್ಯಾಲ್ಸಿಯಂನ ಎರಡು ಕಪ್ಪು ಗೆರೆಗಳು ಜೋಡಿಯಾಗಿ ಕಾಣುತ್ತವೆ. ಗೆಲಾಕ್ಸಿ ವೇಗವಾಗಿ ದೂರ ಹೋದಷ್ಟೂ ಅವು ಕೆಂಪಿನತ್ತ ಸರಿಯುತ್ತವೆ. ಒಮ್ಮೆ ಕಣ್ಣಿಗೆ ಅಭ್ಯಾಸವಾದರೆ ಎಷ್ಟು ಸರಿದಿದ್ದರೂ ಗುರುತು ಸಿಗುತ್ತದೆ. ಅವುಗಳಲ್ಲಿ ಕೆ ಎಂಬ ಗೆರೆಯ ಮೂಲ ತರಂಗಾಂತರ 3934.8 ಆಂಗ್‌ಸ್ಟ್ರಾಂ. ಅದು 4025.7ರಲ್ಲಿ ಕಂಡರೆ ಸರಿದದ್ದು 90.9. ಇದನ್ನು 3934.8ರಿಂದ ಭಾಗಿಸಿ ಬೆಳಕಿನ ವೇಗದಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 6,925 ಕಿಲೋಮೀಟರ್. ಇಲ್ಲೊಂದು ಎಚ್ಚರಿಕೆ: ಈ ಸಮೀಕ್ಷೆಯ ತರಂಗಾಂತರಗಳು ನಿರ್ವಾತದವು. ನಾನು ಹಳೆಯ ಕೋಷ್ಟಕದಿಂದ ಗಾಳಿಯಲ್ಲಿನ ಬೆಲೆ ತೆಗೆದುಕೊಂಡಿದ್ದೆ, ಪ್ರತಿ ವೇಗವೂ ಎಂಬತ್ತು ಕಿಲೋಮೀಟರಿನಷ್ಟು ಜಾಸ್ತಿ ಬರುತ್ತಿತ್ತು. ಅದನ್ನು ಹುಡುಕಲು ಎರಡು ರಾತ್ರಿ ಹೋಯಿತು.

ನನಗೆ ನಿಜವಾಗಿ ಪಾಠ ಕಲಿಸಿದ್ದು ಗೆಲಾಕ್ಸಿಗಳ ದೊಡ್ಡ ಗುಂಪಾದ ಕೋಮಾ ಗುಚ್ಛ. ಅದರ ಎರಡು ದೈತ್ಯ ಗೆಲಾಕ್ಸಿಗಳಾದ ಎನ್‌ಜಿಸಿ 4889 ಮತ್ತು ಎನ್‌ಜಿಸಿ 4874 ಅಕ್ಕಪಕ್ಕದಲ್ಲೇ ಇವೆ, ದೂರವೂ ಹೆಚ್ಚುಕಡಿಮೆ ಒಂದೇ. ವೇಗ ಮಾತ್ರ ಒಂದಕ್ಕೆ ಸುಮಾರು 6,500, ಇನ್ನೊಂದಕ್ಕೆ ಸುಮಾರು 7,200. ಗುಚ್ಛದ ಗುರುತ್ವಕ್ಕೆ ಸಿಕ್ಕಿ ಅವು ಒಳಗೊಳಗೇ ಓಡಾಡುತ್ತಿವೆ. ವಿಶ್ವದ ಹಿಗ್ಗುವಿಕೆಯ ಮೇಲೆ ಈ ಓಡಾಟವೂ ಸೇರಿಕೊಳ್ಳುತ್ತದೆ. ಹಬಲ್ ಪಟ್ಟಿಯ ಚುಕ್ಕಿಗಳು ಚೆದುರಿದ್ದೇಕೆ ಎಂದು ಹೊಳೆದದ್ದು ಆಗಲೇ. ಅವೆಲ್ಲ ತೀರ ಹತ್ತಿರದವು. ಅಲ್ಲಿ ಸ್ವಂತ ಓಡಾಟದ ಮುಂದೆ ಹಿಗ್ಗುವಿಕೆ ಇನ್ನೂ ಚಿಕ್ಕದು. ಆಂಡ್ರೊಮಿಡಾದ ಕತೆಯೂ ಇದೇ.

ಆಮೇಲೆ ದೂರದ ಗುಚ್ಛಗಳಿಗೆ ಹೋದೆ. ಪ್ರತಿಯೊಂದರಲ್ಲೂ ಹತ್ತಾರು ಗೆಲಾಕ್ಸಿಗಳ ವೇಗದ ಸರಾಸರಿ ತೆಗೆದೆ. ದೂರಕ್ಕೆ ಪ್ರತಿ ಗುಚ್ಛದ ಅತಿ ಪ್ರಕಾಶದ ಗೆಲಾಕ್ಸಿಯನ್ನೇ ದೀಪವೆಂದು ಹಿಡಿದೆ: ಬೆಳಕು ನೂರು ಪಟ್ಟು ಮಂದವಾದರೆ ದೂರ ಹತ್ತು ಪಟ್ಟು. ಕೋಮಾದ ದೂರ ಸುಮಾರು 100 ಮೆಗಾಪಾರ್ಸೆಕ್ ಎಂಬುದನ್ನು ಮಾತ್ರ ಬೇರೆಯವರ ಅಳತೆಯಿಂದ ಸಾಲ ಪಡೆದೆ. ಈ ಸಲ ಚುಕ್ಕಿಗಳು ಸಾಲಾಗಿ ನಿಂತವು. ಆ ಹಾಳೆಯನ್ನು ಬಹಳ ಹೊತ್ತು ನೋಡುತ್ತ ಕೂತಿದ್ದೆ.

ಇಳಿಜಾರು ಸುಮಾರು 70, ವಯಸ್ಸು ಸುಮಾರು 1,400 ಕೋಟಿ ವರ್ಷ. ಒಪ್ಪಿತ ವಯಸ್ಸು 1,380 ಕೋಟಿ. ಹಿಗ್ಗುವಿಕೆ ಮೊದಲು ನಿಧಾನಗೊಂಡು ಆಮೇಲೆ ಚುರುಕಾಗಿದೆ, ಎರಡೂ ಹೆಚ್ಚುಕಡಿಮೆ ಒಂದನ್ನೊಂದು ಸರಿದೂಗಿಸಿವೆ. ನನ್ನ ನೇರ ಗೆರೆ ಅಷ್ಟು ಹತ್ತಿರ ಬಂದದ್ದು ಅದರಿಂದ.

ಇಂದಿನ ತಗಾದೆ ಇರುವುದು 67 ಮತ್ತು 73ರ ನಡುವೆ. ಆದಿಯ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹದಿಂದ ಮೊದಲನೆಯದು, ಸೆಫೀಡ್ ಮತ್ತು ಸಿಡಿಯುವ ನಕ್ಷತ್ರಗಳಾದ ಸೂಪರ್‌ನೋವಾಗಳಿಂದ ಎರಡನೆಯದು. ಇವೆರಡನ್ನು ಬೇರ್ಪಡಿಸುವಷ್ಟು ನನ್ನ ಗೆರೆ ಸೂಕ್ಷ್ಮವಲ್ಲ, ಎಲ್ಲ ಗುಚ್ಛಗಳ ದೀಪವೂ ಒಂದೇ ಪ್ರಕಾಶದ್ದಲ್ಲ. ಅದಕ್ಕೆ ಈಗ ಹೆಚ್ಚುಕಡಿಮೆ ಒಂದೇ ಪ್ರಕಾಶದ 1ಎ ಬಗೆಯ ಸೂಪರ್‌ನೋವಾಗಳ ಪಟ್ಟಿ ಹಿಡಿದಿದ್ದೇನೆ. ಹನ್ನೊಂದು ಚುಕ್ಕಿ ಇಟ್ಟಾಗಿದೆ.