ಮಳೆಗಾಲದ ಸರ್ವಿಸ್‌ಗೆ ಬೈಕ್ ಬಿಡುವ ಮುಂಚೆ

ಮಡಿಕೇರಿ, ವಿರಾಜಪೇಟೆ ಕಡೆಯವರು ಜೂನ್‌ಗೆ ಮೊದಲು ಶೋರೂಮಿಗೆ ಬೈಕ್ ಬಿಡುವಾಗ ಅವರು ನಿಮ್ಮ ದೂರು ಬರೆದುಕೊಳ್ಳುವ ಚೀಟಿ, ಅಂದರೆ ಜಾಬ್ ಕಾರ್ಡ್‌ನಲ್ಲಿ ಬರೀ "ಜನರಲ್ ಚೆಕಪ್" ಅಂತ ಬರೆಸಬೇಡಿ. "ಎಂಜಿನ್ ಬಿಸಿಯಾದ ಮೇಲೆ, ಮೂರನೇ ಗೇರ್‌ನಲ್ಲಿ ಏರು ಹತ್ತುವಾಗ ಟಕಟಕ ಸದ್ದು" ಅಂತ ಬಿಡಿಸಿ ಬರೆಸಿ. ಇಲ್ಲದಿದ್ದರೆ ನಿಂತಲ್ಲೇ ಸ್ಟಾರ್ಟ್ ಮಾಡಿ, ಸದ್ದೇ ಇಲ್ಲ ಅಂತ ಆಯಿಲ್ ಬದಲಿಸಿ ಕಳಿಸಿಬಿಡುತ್ತಾರೆ. ದುಡ್ಡು ಕೊಟ್ಟು ಬದಲಿಸಿದ ಹಳೇ ಪಾರ್ಟ್ಸ್ ವಾಪಸ್ ಬೇಕು ಅಂತಲೂ ಅದರಲ್ಲೇ ಸೇರಿಸಿ.

ಗಾಡಿ ತೆಗೆದುಕೊಳ್ಳುವಾಗ ಚೈನ್ ಅಲ್ಲೇ ನೋಡಿ. ಸಾಮಾನ್ಯ ಬೈಕ್‌ಗಳಲ್ಲಿ ಕೆಳಗಿನ ಸಾಲಿನ ನಡುವೆ ಸುಮಾರು 25–30 ಮಿ.ಮೀ. ಮೇಲೆ ಕೆಳಗೆ ಆಡಬೇಕು, ನಿಮ್ಮ ಗಾಡಿಯ ನಿಖರ ಅಳತೆ ಮ್ಯಾನುಯಲ್‌ನಲ್ಲಿದೆ. ಬಿಗಿ ಹೆಚ್ಚಾದರೆ ಇಬ್ಬರು ಕೂತಾಗ ಇನ್ನೂ ಎಳೆದು ಬೇರಿಂಗ್, ಸ್ಪ್ರಾಕೆಟ್ (ಚೈನ್ ಓಡುವ ಹಲ್ಲಿನ ಚಕ್ರ) ಹಾಳಾಗುತ್ತವೆ. ಅವಸರದ ಸರ್ವಿಸ್‌ನಲ್ಲಿ ಹೆಚ್ಚಾಗಿ ಆಗುವ ತಪ್ಪು ಇದೇ.

ಡಿಸ್ಕ್ ಬ್ರೇಕ್ ಇದ್ದರೆ ಅದರ ಫ್ಲೂಯಿಡ್ (ಬ್ರೇಕ್ ಎಣ್ಣೆ) 2 ವರ್ಷಕ್ಕೊಮ್ಮೆ ಬದಲಿಸಲೇಬೇಕು. ತೇವ ಹೀರಿದ ಫ್ಲೂಯಿಡ್ ಸಂಪಾಜೆ ಘಾಟಿ ಇಳಿಯುವಾಗ ಕುದಿದರೆ ಲಿವರ್ ಮೆತ್ತಗಾಗಿ ಬ್ರೇಕ್ ಹಿಡಿಯುವುದಿಲ್ಲ.

ಅಪ್ಪನ ಕಾಲದಿಂದ ಇದೇ ಕಂಪನಿ ಎಂಬ ಅಭಿಮಾನಕ್ಕೆ ಸುಮ್ಮನಿರಬೇಡಿ. ಒಂದೇ ದೂರು ಎರಡು ಸಲ ಸರಿಯಾಗದಿದ್ದರೆ ಎರಡೂ ಜಾಬ್ ಕಾರ್ಡ್ ನಂಬರ್ ಹಾಕಿ ಕಂಪನಿಗೇ ಇ-ಮೇಲ್ ಮಾಡಿ. ಆಮೇಲೂ ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.