ಜಿಲ್ಲೆ ಬಿಡಿ, ಒಂದು ನಳ್ಳಿ ಹಿಡಿಯಿರಿ: ಸರ್ಕಾರಿ ಯೋಜನೆಯ ಅಧ್ಯಯನ ಮಾಡುವ ಬಗೆ

ನಾನು ಉಡುಪಿ ಹತ್ತಿರದ ಒಂದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುತ್ತೇನೆ. ಪ್ರತಿ ಜನವರಿಯಲ್ಲಿ ಕೊನೆಯ ವರ್ಷದ ಮಕ್ಕಳು ಕಿರು ಸಂಶೋಧನೆಯ ವಿಷಯ ಬರೆದುಕೊಂಡು ಬರುತ್ತಾರೆ. 'ಉಡುಪಿ ಜಿಲ್ಲೆಯಲ್ಲಿ ಜಲಜೀವನ್ ಮಿಷನ್ ಅನುಷ್ಠಾನ: ಒಂದು ಅಧ್ಯಯನ' ಎಂಬ ಶೀರ್ಷಿಕೆ ತಪ್ಪದೆ ಇರುತ್ತದೆ. ಹಳ್ಳಿಯ ಮನೆ ಮನೆಗೆ ನಳ್ಳಿ ನೀರು ಕೊಡುವ ಕೇಂದ್ರದ ಯೋಜನೆ ಅದು. ಇಡೀ ಜಿಲ್ಲೆ, ಇಡೀ ಯೋಜನೆ. ಕೈಯಲ್ಲಿರುವುದು ನಾಲ್ಕೇ ತಿಂಗಳು.

ಅವರಿಗೆ ನಾನು ಹೇಳುವುದು ಇಷ್ಟು. ಜಿಲ್ಲೆ ಬಿಡಿ, ಒಂದು ನಳ್ಳಿ ಹಿಡಿಯಿರಿ. ಆ ನಳ್ಳಿಗೆ ನೀರು ಎಲ್ಲಿಂದ ಬಂತು, ಪೈಪು ಯಾರು ಹಾಕಿದರು, ಯಾವ ಆದೇಶದ ಮೇಲೆ ಹಾಕಿದರು, ಹಣ ಯಾವುದು, ವಾಲ್ವ್ ಯಾರ ಕೈಯಲ್ಲಿದೆ ಎಂದು ಹಿಂದೆ ಹಿಂದೆ ಹೋಗಿ. ಆಡಳಿತ ಎಂಬುದು ಆ ದಾರಿಯಲ್ಲೇ ಕಾಣಸಿಗುತ್ತದೆ.

ಮೊದಲು ಪ್ರಶ್ನೆ ಸಣ್ಣದು ಮಾಡಿಕೊಳ್ಳಿ. 'ಯೋಜನೆ ಯಶಸ್ವಿಯಾಗಿದೆಯೇ?' ಎಂದು ಕೇಳಿದರೆ ಹೌದು ಅಥವಾ ಇಲ್ಲ ಅನ್ನುವುದರಲ್ಲೇ ಮುಗಿದುಹೋಗುತ್ತದೆ. 'ಯಾಕೆ' ಎಂದು ಕೇಳುವ ಪ್ರಶ್ನೆ ಬೇಕು. ಎರಡು ವರ್ಷದ ಹಿಂದೆ ನನ್ನ ಒಬ್ಬ ವಿದ್ಯಾರ್ಥಿನಿ ಆರಿಸಿಕೊಂಡದ್ದು ಹೀಗಿತ್ತು: ಮನೆಯಲ್ಲಿ ಬಾವಿ ಇದ್ದವರು ನಳ್ಳಿ ಯಾಕೆ ಹಾಕಿಸಿಕೊಂಡರು, ಹಾಕಿಸಿಕೊಂಡವರು ಯಾವ ತಿಂಗಳಲ್ಲಿ ಬಳಸುತ್ತಾರೆ? ಇದು ನಮ್ಮ ಕರಾವಳಿಯಲ್ಲೇ ಹುಟ್ಟಬಹುದಾದ ಪ್ರಶ್ನೆ. ನಮ್ಮಲ್ಲಿ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ. ಹೆಚ್ಚಿನ ಮನೆಯಂಗಳದಲ್ಲಿ ಬಾವಿ ಇದೆ. ಆದರೂ ಏಪ್ರಿಲ್ ಬಂತೆಂದರೆ ಎಷ್ಟೋ ಬಾವಿ ತಳ ಕಾಣುತ್ತದೆ, ಹೊಳೆ ಬದಿಯ ಬಾವಿಗಳಿಗೆ ಉಪ್ಪು ನೀರು ನುಗ್ಗುತ್ತದೆ. ಬಯಲುಸೀಮೆಯಲ್ಲಿ ಮನೆಗಳು ಒತ್ತೊತ್ತಾಗಿ ಇರುತ್ತವೆ. ಇಲ್ಲಿ ಒಂದು ಮನೆಗಾಗಿ ಪೈಪು ಒಂದು ತೆಂಗಿನ ತೋಟ, ಒಂದು ಗದ್ದೆ ದಾಟಬೇಕು. ದೇಶಕ್ಕೆಲ್ಲ ಒಂದೇ ಅಂತ ಮಾಡಿದ ಯೋಜನೆ ಇಂಥ ಊರಿಗೆ ಬಂದಾಗ ಏನಾಗುತ್ತದೆ? ಅಧ್ಯಯನಕ್ಕೆ ಇಷ್ಟು ಸಾಕು, ಜಾಸ್ತಿಯೇ ಆಯಿತು.

ಮಂಗಳೂರಿನವರಾದರೆ ದಾರಿ ಸ್ವಲ್ಪ ಬೇರೆ. ಅಲ್ಲಿ ನೀರು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ ಬರುತ್ತದೆ, ಕಾಗದಗಳು ಮಹಾನಗರ ಪಾಲಿಕೆಯಲ್ಲಿರುತ್ತವೆ. ಪಾಲಿಕೆಗೆ 60 ವಾರ್ಡುಗಳಿವೆ. ಒಂದನ್ನೇ ಹಿಡಿಯಿರಿ.

ಇನ್ನು ಕಾಗದಗಳು. ಮೇಲಿನಿಂದ ಕೆಳಕ್ಕೆ ಓದಿ. ಯೋಜನೆಯ ಮಾರ್ಗಸೂಚಿ ಮೊದಲು. ಜಲಜೀವನ್ ಮಿಷನ್ ಘೋಷಣೆಯಾದದ್ದು 2019ರ ಆಗಸ್ಟ್ 15ರಂದು. ಅದು ಬರೀ ನಳ್ಳಿ ಕೊಡುತ್ತೇವೆ ಅನ್ನಲಿಲ್ಲ. ದಿನಕ್ಕೆ ತಲಾ 55 ಲೀಟರ್, ಕುಡಿಯಲು ಯೋಗ್ಯವಾದ ನೀರು, ನಿಯಮಿತವಾಗಿ ಬರಬೇಕು ಅಂದಿತು. ಅಂದರೆ ನೀವು ನೋಡಬೇಕಾದ್ದು ಮೂರು ವಿಷಯ. ನಳ್ಳಿಗಳನ್ನು ಎಣಿಸಿ ಬಂದರೆ ಆ ಮೂರರಲ್ಲಿ ಒಂದೂ ಗೊತ್ತಾಗುವುದಿಲ್ಲ. ಕರ್ನಾಟಕದಲ್ಲಿ ಇದೇ ಯೋಜನೆ 'ಮನೆ ಮನೆಗೆ ಗಂಗೆ' ಎಂಬ ಹೆಸರಲ್ಲೂ ಇದೆ. ಹಾಗಾಗಿ ಕಡತ ಹುಡುಕುವಾಗ ಎರಡೂ ಹೆಸರು ನೆನಪಿರಲಿ.

ಆಮೇಲೆ ರಾಜ್ಯದ ಸುತ್ತೋಲೆಗಳು, ಮಣಿಪಾಲದ ರಜತಾದ್ರಿಯಲ್ಲಿರುವ ಜಿಲ್ಲಾ ಪಂಚಾಯತ್‌ನ ಕಾಗದಗಳು, ಕೊನೆಗೆ ನಿಮ್ಮ ಗ್ರಾಮ ಪಂಚಾಯತ್. ಒಂದು ನೂರು ಪುಟದ ನೋಟ್‌ಬುಕ್ ಇಟ್ಟುಕೊಳ್ಳಿ. ಎಡ ಪುಟದಲ್ಲಿ ಮೇಲಿನ ಕಾಗದ ಏನು ಹೇಳಿತು, ಬಲ ಪುಟದಲ್ಲಿ ಕೆಳಗಿನ ಕಾಗದ ಏನು ಹೇಳಿತು. ಎರಡೂ ಹೊಂದದ ಕಡೆ ಕೆಂಪು ಗುರುತು ಹಾಕಿ. ನಿಮ್ಮ ಅಧ್ಯಾಯಗಳು ಆ ಕೆಂಪು ಗುರುತುಗಳಿಂದ ಹುಟ್ಟುತ್ತವೆ.

ಪಂಚಾಯತ್‌ನಲ್ಲಿ ಮೂರು ಪುಸ್ತಕ ಕೇಳಿ: ಸಾಮಾನ್ಯ ಸಭೆಯ ನಡಾವಳಿ, ನೀರು ಮತ್ತು ನೈರ್ಮಲ್ಯ ಸಮಿತಿಯ ನಡಾವಳಿ, ನೀರಿನ ಶುಲ್ಕದ ಬೇಡಿಕೆ, ವಸೂಲಿ, ಬಾಕಿಯ ವಹಿ. ಈ ಕೊನೆಯದನ್ನು ಕಚೇರಿಯಲ್ಲಿ ಡಿಸಿಬಿ ಎಂದೇ ಕರೆಯುತ್ತಾರೆ. ಸಮಿತಿಯಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಮಾರ್ಗಸೂಚಿ ಹೇಳುತ್ತದೆ. ಸಹಿಗಳನ್ನು ನೋಡಿ, ಆಮೇಲೆ ಆ ಮಹಿಳೆಯರ ಮನೆಗೆ ಹೋಗಿ ಸಭೆಯಲ್ಲಿ ಏನು ಮಾತಾಡಿದರು ಎಂದು ಕೇಳಿ. ಹಣದ ಮೂಲವನ್ನೂ ನೋಡಿ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಪಂಚಾಯತ್‌ಗಳ ಅನುದಾನದಲ್ಲಿ ಶೇ. 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಹಾಕಿತ್ತು. ಊರಿನವರು ರಸ್ತೆ ಕೇಳಿದಾಗ ಪಂಚಾಯತ್ ಪೈಪಿನ ಕೆಲಸ ಯಾಕೆ ಮಾಡಿತು ಎಂಬುದಕ್ಕೆ ಎಷ್ಟೋ ಸಲ ಉತ್ತರ ಇಲ್ಲಿರುತ್ತದೆ. ಇದು ಗೊತ್ತಿಲ್ಲದೆ ಪಂಚಾಯತ್‌ನವರನ್ನು ದೂರುವುದು ಅನ್ಯಾಯ.

ಕಚೇರಿಗೆ ಹೋಗುವ ದಿನ ಯೋಚಿಸಿ ಆರಿಸಿ. ಮಾರ್ಚ್ ಕೊನೆಯಲ್ಲಿ ಹೋಗಬೇಡಿ. ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಅವರಿಗೆ ತಲೆ ಎತ್ತಲೂ ಸಮಯವಿರುವುದಿಲ್ಲ. ಕಾಲೇಜಿನ ಪತ್ರದ ಎರಡು ಪ್ರತಿ ಒಯ್ಯಿರಿ. ಒಂದು ಕೊಟ್ಟು, ಇನ್ನೊಂದಕ್ಕೆ ಸೀಲು ಹಾಕಿಸಿಕೊಳ್ಳಿ. ಹೆಚ್ಚಿನವರು ಪ್ರೀತಿಯಿಂದಲೇ ಪುಸ್ತಕ ತೋರಿಸುತ್ತಾರೆ.

ತೋರಿಸದಿದ್ದರೆ ಮಾಹಿತಿ ಹಕ್ಕು ಇದೆ. ಕಾಯ್ದೆ 2005ರದ್ದು. ಅರ್ಜಿ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಾನು ಎಂ.ಫಿಲ್. ಮಾಡುವಾಗ ಒಂದು ಕಚೇರಿಗೆ 'ಕುಡಿಯುವ ನೀರಿನ ಬಗ್ಗೆ ಸಮಗ್ರ ಮಾಹಿತಿ ಕೊಡಿ' ಎಂದು ಬರೆದಿದ್ದೆ. ಅರ್ಜಿ ನಿರ್ದಿಷ್ಟವಾಗಿಲ್ಲ ಎಂಬ ಒಂದು ಸಾಲಿನ ಹಿಂಬರಹ ಬಂತು. ಒಂದು ತಿಂಗಳು ಹೋಯಿತು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, ಸಾಮಾನ್ಯವಾಗಿ 150 ಪದ ಮೀರಬಾರದು. ಹಾಗಾಗಿ ಕಾಗದದ ಹೆಸರು ಹಿಡಿದು ಕೇಳಿ: ಇಂಥ ತಿಂಗಳಿನಿಂದ ಇಂಥ ತಿಂಗಳವರೆಗಿನ ಸಮಿತಿ ನಡಾವಳಿಯ ಪ್ರತಿ. 'ಯಾಕೆ ಮಾಡಲಿಲ್ಲ' ಎಂದು ಅರ್ಜಿಯಲ್ಲಿ ಕೇಳಬೇಡಿ. ಆ ಪ್ರಶ್ನೆಯನ್ನು ಎದುರು ಕೂತು ಕೇಳಬೇಕು.

ಈಗ ನನಗೆ ಬಹಳ ಮುಖ್ಯ ಅನಿಸುವ ಮಾತಿಗೆ ಬರುತ್ತೇನೆ. ಪಂಪ್ ಆಪರೇಟರ್ ಜೊತೆ ಒಂದು ದಿನ ಇರಿ. ಅರ್ಧ ಗಂಟೆಯ ಸಂದರ್ಶನ ಸಾಲದು, ಬೆಳಿಗ್ಗೆ ಐದೂವರೆಯಿಂದ ಜೊತೆಗೇ ನಡೆಯಿರಿ. ಬೆಂಗಳೂರಿನ, ದೆಹಲಿಯ ಆದೇಶಗಳೆಲ್ಲ ಬಂದು ನಿಲ್ಲುವುದು ಅವರ ಕೈಯಲ್ಲಿರುವ ವಾಲ್ವ್ ಕೀಲಿಯಲ್ಲಿ. ಯಾವ ಲೈನಿಗೆ ಎಷ್ಟು ಹೊತ್ತು, ಗುಡ್ಡದ ಮೇಲಿನ ಮನೆಗಳಿಗೆ ನೀರು ಏರಬೇಕಾದರೆ ಕೆಳಗಿನ ವಾಲ್ವನ್ನು ಎಷ್ಟು ಸುತ್ತು ಮುಚ್ಚಬೇಕು, ಯಾರ ಮನೆಯಲ್ಲಿ ಮದುವೆ ಇದೆ, ಯಾರ ಮನೆಯಲ್ಲಿ ಹಾಸಿಗೆ ಹಿಡಿದವರು ಇದ್ದಾರೆ, ಎಲ್ಲವೂ ಅವರಿಗೆ ಗೊತ್ತು. ಇದು ಯಾವ ಪುಸ್ತಕದಲ್ಲೂ ಇಲ್ಲ. ನನ್ನ ವಿದ್ಯಾರ್ಥಿನಿ ಮೂರು ದಿನ ಅವರ ಹಿಂದೆ ನಡೆದು ಒಂದು ವಾಲ್ವ್ ನಕ್ಷೆ ಬರೆದಳು. ಏಪ್ರಿಲ್‌ನಲ್ಲಿ ದಿನ ಬಿಟ್ಟು ದಿನ ನೀರು ಹಂಚುವ ಕ್ರಮವನ್ನು ಆ ಅಣ್ಣ ತಾನೇ ಮಾಡಿಕೊಂಡಿದ್ದರು. ಯಾವ ಸಭೆಯಲ್ಲೂ ಅದು ಚರ್ಚೆಗೆ ಬಂದಿರಲಿಲ್ಲ. ಊರಿನ ನೀರಿನ ನೀತಿ ಎಂದರೆ ಅದೇ ಅಲ್ವಾ?

ಟ್ಯಾಂಕಿನ ಬುಡದಲ್ಲಿ ನಿಂತಾಗ ಗೋಡೆ ಮೇಲೆ ಬರೆದ ವರ್ಷ, ಯೋಜನೆಯ ಹೆಸರು ಓದಿ. ಹಳೆ ಟ್ಯಾಂಕಿಗೆ ಹೊಸ ಪೈಪು ಸೇರಿರುತ್ತದೆ. ಒಂದರ ಮೇಲೊಂದು ಕೂತ ಯೋಜನೆಗಳನ್ನು ಬಿಡಿಸಿ ನೋಡುವುದೂ ನಿಮ್ಮ ಕೆಲಸ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಹಳ್ಳಿ ಹಳ್ಳಿಗೆ ಕೊಳವೆಬಾವಿ ತಂದು 'ನೀರ್ ಸಾಬ್' ಎನಿಸಿಕೊಂಡ 1980ರ ದಶಕದಿಂದಲೇ ಈ ಕಥೆ ಇದೆ.

ಮನೆಗಳಿಗೆ ಹೋಗುವುದು ಎರಡು ಸಲ, ಜನವರಿಯಲ್ಲಿ ಒಮ್ಮೆ, ಏಪ್ರಿಲ್ ಕೊನೆಯಲ್ಲಿ ಒಮ್ಮೆ. ಜನವರಿಯಲ್ಲಿ 'ನಮಗೆ ನಳ್ಳಿ ನೀರು ಬೇಡ' ಅಂದವರೇ ಏಪ್ರಿಲ್‌ನಲ್ಲಿ ಕೊಡ ಹಿಡಿದು ನಿಂತಿರುತ್ತಾರೆ. ಟ್ಯಾಂಕಿನ ಹತ್ತಿರದ ಮನೆ, ಲೈನಿನ ಕೊನೆಯ ಮನೆ, ಕಾಲನಿಯ ಮನೆ, ಹೊಳೆ ಬದಿಯ ಮನೆ, ಎಲ್ಲವೂ ಇರಲಿ. ರಸ್ತೆ ಬದಿಯ ಮನೆಗಳನ್ನಷ್ಟೇ ಆರಿಸಿಕೊಂಡರೆ ಅಧ್ಯಯನ ಅಲ್ಲಿಗೇ ಕೆಟ್ಟಿತು. ಮಧ್ಯಾಹ್ನದ ನಂತರ ಹೆಂಗಸರು ಬೀಡಿ ಕಟ್ಟಲು ಕೂತ ಹೊತ್ತು ಒಳ್ಳೆಯದು. ಕೈ ಕೆಲಸ ಮಾಡುತ್ತಿರುತ್ತದೆ, ಮಾತು ಸಲೀಸಾಗಿ ಬರುತ್ತದೆ. ಪ್ರಶ್ನಾವಳಿ ಚೀಲದಲ್ಲೇ ಇರಲಿ.

ಮನೆಯ ಮಾತು ಯಾವುದೋ ಅದರಲ್ಲೇ ಮಾತಾಡಿ, ಅದರಲ್ಲೇ ಬರೆದುಕೊಳ್ಳಿ. ತುಳುವಿನಲ್ಲಿ 'ನೀರ್ ಬರ್ಪುಂಡಾ?' ಎಂದು ಕೇಳಿದರೆ 'ಬರ್ಪುಂಡು, ಯಾವುಜಿ' ಅನ್ನುತ್ತಾರೆ. ಬರುತ್ತದೆ, ಸಾಕಾಗುವುದಿಲ್ಲ. ಹುಡುಗರು ಇದನ್ನು ಕನ್ನಡದಲ್ಲಿ 'ನೀರು ಬರುತ್ತಿದೆ' ಎಂದು ಬರೆದುಕೊಂಡು ಬಂದದ್ದನ್ನು ನಾನು ನೋಡಿದ್ದೇನೆ. ಆ ಒಂದು ಪದ ಬಿಟ್ಟುಹೋದರೆ ಆ ಮನೆಯ ಕಷ್ಟವೇ ಲೆಕ್ಕದಿಂದ ಹೊರಗೆ ಹೋಯಿತು.

ಹೆಸರು ಬರೆಯಬೇಡಿ. ಹೆಸರು ಬಿಟ್ಟರೂ ಸಾಲದು. ಪಂಚಾಯತ್‌ನಲ್ಲಿ ಇರುವುದೇ ಇಬ್ಬರು ಆಪರೇಟರ್ ಆದರೆ ಯಾರು ಹೇಳಿದ್ದು ಎಂದು ಎಲ್ಲರಿಗೂ ತಿಳಿಯುತ್ತದೆ. ಪಂಚಾಯತ್‌ನ ಹೆಸರನ್ನೇ ಬದಲಿಸಿ. ಯಾರ ಕೆಲಸಕ್ಕಾದರೂ ಕುತ್ತು ತರುವ ಮಾತು ಸಿಕ್ಕಿದರೆ, ಎಷ್ಟೇ ಒಳ್ಳೆಯ ಮಾತಾಗಿದ್ದರೂ ಬಿಟ್ಟುಬಿಡಿ.

ಬರೆಯುವಾಗ ಮೊದಲು ಹೊಳೆದ ಕಾರಣಕ್ಕೆ ಅಂಟಿಕೊಳ್ಳಬೇಡಿ. ನಳ್ಳಿ ಬಳಸದ ಮನೆ ಕಂಡರೆ 'ಬಾವಿ ಇದೆ, ಅದಕ್ಕೆ' ಅನಿಸುತ್ತದೆ. ಬಿಲ್ಲಿನ ಭಯ ಇರಬಹುದಾ? ಕ್ಲೋರಿನ್ ವಾಸನೆ ಇರಬಹುದಾ? ಹೊತ್ತಿಗೆ ಸರಿಯಾಗಿ ಬರುವುದಿಲ್ಲ ಎಂದೇ? ಬಾವಿ ಇದ್ದೂ ನಳ್ಳಿ ಬಳಸುವ ಮನೆ, ಬಾವಿ ಇಲ್ಲದೆಯೂ ಬಳಸದ ಮನೆ, ಇವೆರಡನ್ನು ಹುಡುಕಿ ಕೇಳಿ. ನಿಮ್ಮ ಊಹೆ ನಿಲ್ಲುತ್ತದೋ ಬೀಳುತ್ತದೋ ಅಲ್ಲೇ ಗೊತ್ತಾಗುತ್ತದೆ.

ಮುಗಿದ ಮೇಲೆ ಒಂದು ಪ್ರತಿ ಪಂಚಾಯತ್‌ಗೆ ಕೊಡಿ. ನಾಲ್ಕು ಪುಟದ ಕನ್ನಡ ಸಾರಾಂಶ ಸಾಕು. ಆ ವಿದ್ಯಾರ್ಥಿನಿ ಬರೆದ ವಾಲ್ವ್ ನಕ್ಷೆಯನ್ನು ಅವರು ಕಚೇರಿಯ ಗೋಡೆಗೆ ಅಂಟಿಸಿದ್ದಾರೆ. ಕಳೆದ ತಿಂಗಳು ಹೋದಾಗ ನೋಡಿದೆ, ಆಪರೇಟರ್ ಅಣ್ಣ ಪೆನ್ಸಿಲಿನಲ್ಲಿ ಎರಡು ಕಡೆ ತಿದ್ದಿದ್ದರು. ಈ ವರ್ಷದ ಹುಡುಗನಿಗೆ ಹೇಳಿದ್ದೇನೆ, ಆ ಎರಡು ವಾಲ್ವಿನಿಂದಲೇ ಶುರು ಮಾಡು ಎಂದು.